ಇಂಗಾಲಕ್ಕೆ ಬೆಲೆ: ತೆರಿಗೆಯೋ, ಮಾರುಕಟ್ಟೆಯೋ?

ತೋರಣಗಲ್ಲಿನ ಉಕ್ಕಿನ ಕುಲುಮೆ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರಗಳ ಆಸುಪಾಸಿನಲ್ಲಿರುವ ನಮಗೆ, ಕಾರ್ಖಾನೆಗಳು ಉಗುಳುವ ಇಂಗಾಲದ ಹೊಗೆಗೆ ತೆರಿಗೆ ಹಾಕಬೇಕೋ, ಅದನ್ನು ಉಗುಳುವ ಪರವಾನಗಿಗಳ ಮಾರುಕಟ್ಟೆ ನಡೆಸಬೇಕೋ ಎಂಬ ಚರ್ಚೆ ದೂರದ್ದಲ್ಲ. ತೆರಿಗೆಯಲ್ಲಿ ದರ ಮೊದಲೇ ಗೊತ್ತಿರುತ್ತದೆ, ಹೊಗೆ ಎಷ್ಟು ತಗ್ಗೀತೆಂಬುದು ಗೊತ್ತಿರುವುದಿಲ್ಲ; ಒಟ್ಟು ಮಿತಿ ಹಾಕಿ ಪರವಾನಗಿ ಮಾರುವ ಪದ್ಧತಿಯಲ್ಲಿ ಇದು ತಿರುವುಮುರುವು. 2010ರಲ್ಲಿ ಟನ್ ಕಲ್ಲಿದ್ದಲಿಗೆ 50 ರೂಪಾಯಿಯಿದ್ದು 2016ರಲ್ಲಿ 400ಕ್ಕೇರಿದ ಸೆಸ್ಸನ್ನು ವಸೂಲು ಮಾಡುವುದು ಸುಲಭವಾಗಿತ್ತಾದರೂ, 2017ರಿಂದ ಆ ಹಣ ಶುದ್ಧ ಇಂಧನದ ಕೆಲಸಕ್ಕಲ್ಲ, ರಾಜ್ಯಗಳ ಜಿಎಸ್‌ಟಿ ನಷ್ಟ ಪರಿಹಾರದ ಬಾಬ್ತಿಗೆ ಹೋಯಿತು. ತೆರಿಗೆಯ ವಿರೋಧಿಗಳಿಗೆ ಇದಕ್ಕಿಂತ ಒಳ್ಳೆಯ ವಾದ ಬೇಕಿಲ್ಲ. ಇತ್ತ, 2023ರಲ್ಲಿ ಅಧಿಸೂಚನೆಯಾದ ಭಾರತದ ಕಾರ್ಬನ್ ಕ್ರೆಡಿಟ್ (ಗುರಿಗಿಂತ ಹೆಚ್ಚು ಹೊಗೆ ತಗ್ಗಿಸಿದವರು ಪಡೆದು ಮಾರಬಹುದಾದ ಪತ್ರ) ವ್ಯಾಪಾರ ಯೋಜನೆಯು ಒಟ್ಟು ಹೊಗೆಗಲ್ಲ, ಪ್ರತಿ ಟನ್ ಉತ್ಪನ್ನದ ಹೊಗೆಗೆ ಗುರಿ ಇಡುವುದರಿಂದ, ಉತ್ಪಾದನೆ ಏರಿದರೆ ಹೊಗೆಯೂ ಏರಬಹುದು. ಯುರೋಪಿಗೆ ರಫ್ತು ಮಾಡುವುದರಿಂದ ಹೊಗೆಯ ಲೆಕ್ಕವನ್ನು ಹೇಗೂ ಇಡಬೇಕಾದ ದೊಡ್ಡ ಕಾರ್ಖಾನೆಗೆ ಮಾರುಕಟ್ಟೆಯೇ ಹಿತವೆನಿಸೀತು. ಲೆಕ್ಕಪತ್ರಕ್ಕೆ ಬೇರೆ ಸಿಬ್ಬಂದಿಯಿಲ್ಲದ ಕೊಪ್ಪಳದ ಸಣ್ಣ ಸ್ಪಂಜ್ ಕಬ್ಬಿಣ ಘಟಕಕ್ಕೆ ತೆರಿಗೆಯೇ ಮೇಲೆಂದು ನನ್ನ ಅಭಿಪ್ರಾಯ.