ಬಾವೊಫೆಂಗ್ ಯುವಿ-5ಆರ್: ಸೆಟ್ಟು ಸಾಕು, ಜೊತೆಗೆ ಬರುವ ಆಂಟೆನಾ ಸಾಲದು

ಹೊಸದಾಗಿ ವಿಯು3ಯಿಂದ ಶುರುವಾಗುವ ಕಾಲ್‌ಸೈನ್ (ಪರವಾನಗಿಯ ಜೊತೆ ಸಿಗುವ ಗುರುತಿನ ಹೆಸರು) ಪಡೆದ ಹ್ಯಾಮ್‌ಗಳಲ್ಲಿ, ಅಂದರೆ ಹವ್ಯಾಸಿ ರೇಡಿಯೋದವರಲ್ಲಿ, ಹಲವರ ಮೊದಲ ಸೆಟ್ಟು ಕೈಯಲ್ಲಿ ಹಿಡಿಯುವ ಈ ಯುವಿ-5ಆರ್. ಎರಡು ಮೀಟರ್ ಬ್ಯಾಂಡಿನಲ್ಲಿ (ಸುಮಾರು ಎರಡು ಮೀಟರ್ ತರಂಗಾಂತರದ ಹ್ಯಾಮ್ ಫ್ರೀಕ್ವೆನ್ಸಿಗಳು) ನಾಲ್ಕೈದು ವ್ಯಾಟ್, 1800 ಎಂಎಎಚ್ ಬ್ಯಾಟರಿ. ಮೊದಲ ಸಂಪರ್ಕಕ್ಕೆ ಇಷ್ಟು ಧಾರಾಳ. ಆದರೆ ಚಿಕ್ಕಬಳ್ಳಾಪುರಕ್ಕೂ ಬೆಂಗಳೂರಿಗೂ ನಡುವೆ ಬೆಟ್ಟದ ಸಾಲಿದೆ. ಹಜಾರದಲ್ಲಿ ನಿಂತು ಕರೆದು, ಉತ್ತರ ಬರಲಿಲ್ಲವೆಂದು ಸೆಟ್ಟನ್ನು ಬೈದರೆ ತಪ್ಪು ಅದರದ್ದಲ್ಲ. ನೆಲದ ಮೇಲೆ ನಿಂತ ಇಬ್ಬರ ನಡುವೆ ಬಯಲಿನಲ್ಲೂ ಹತ್ತು ಕಿಲೋಮೀಟರ್ ದಾಟುವುದು ಕಷ್ಟ. 1478 ಮೀಟರ್ ಎತ್ತರದ ನಂದಿಬೆಟ್ಟದ ತುದಿಗೆ ಹೋದರೆ ಅದೇ ಸೆಟ್ಟಿಗೆ ಬೆಂಗಳೂರು ನೇರ ನೋಟದಲ್ಲಿ ಸಿಗುತ್ತದೆ. ಮೊಬೈಲ್ ಟವರಿನ ಬುಡದಲ್ಲಿ ಮಾತ್ರ ನಿಲ್ಲಬೇಡಿ, ಇದರ ರಿಸೀವರ್ ಬಲವಾದ ಸಿಗ್ನಲ್ ಎದುರು ಕಿವುಡಾಗುತ್ತದೆ.

ಡಬ್ಬಿಯಲ್ಲಿ ಬರುವ ಗಿಡ್ಡ ರಬ್ಬರ್ ಆಂಟೆನಾ ಇದರ ದೊಡ್ಡ ಕೊರತೆ. ಬೇರೆ ಆಂಟೆನಾ ಕೊಳ್ಳುವ ಮುನ್ನ ಒಂದು ಉಪಾಯ ಮಾಡಿ ನೋಡಿ: 49 ಸೆಂಟಿಮೀಟರ್ ವೈರಿನ ತುದಿ ಸುಲಿದು, ಆಂಟೆನಾ ಕೂರುವ ಲೋಹದ ಹೊರಬಳೆಗೆ ಸುತ್ತಿ, ಕೆಳಗೆ ಇಳಿಬಿಡಿ. ಅದು ನಡುವಿನ ಪಿನ್ನಿಗೆ ತಗುಲಬಾರದು. ಗೊರಗೊರ ಎನ್ನುತ್ತಿದ್ದ ದನಿ ಎಷ್ಟೋ ಸಲ ಇದರಿಂದಲೇ ತಿಳಿಯಾಗುತ್ತದೆ.

ಮೆನು ತಲೆನೋವು. ರಿಪೀಟರ್ (ಎತ್ತರದಲ್ಲಿ ಕೂತು ನಮ್ಮ ದನಿಯನ್ನು ಮರುಪ್ರಸಾರ ಮಾಡುವ ಕೇಂದ್ರ) ಕೇಳಿಸುತ್ತದೆ, ಆದರೆ ಕರೆದರೆ ತೆರೆಯುವುದಿಲ್ಲ ಎಂಬ ದೂರಿಗೆ ಕಾರಣ ಹೆಚ್ಚಾಗಿ ಇಲ್ಲೇ ಇರುತ್ತದೆ. ಕಿತ್ತಳೆ ಬಣ್ಣದ ಗುಂಡಿಯಿಂದ ವಿಎಫ್‌ಒಗೆ (ಫ್ರೀಕ್ವೆನ್ಸಿಯನ್ನು ನೇರವಾಗಿ ಒತ್ತುವ ಸ್ಥಿತಿ) ಬಂದು ರಿಪೀಟರ್ ಕೇಳಿಸುವ ಫ್ರೀಕ್ವೆನ್ಸಿ ಒತ್ತಿ. ಮೆನುವಿನ 25ರಲ್ಲಿ ಮೈನಸ್ (ಕೇಳುವುದಕ್ಕಿಂತ ಕೆಳಗೆ ಪ್ರಸಾರ), 26ರಲ್ಲಿ ಆ ಅಂತರ 0.600 ಮೆಗಾಹರ್ಟ್ಸ್, 13ರಲ್ಲಿ ಆ ರಿಪೀಟರಿನ ಟೋನ್, ಅಂದರೆ ಅದನ್ನು ತೆರೆಯುವ ಸಣ್ಣ ನಾದ. ಕೇಳುವಾಗಿನ ಟೋನ್ ಆದ 11 ಆಫ್ ಇರಲಿ. ಎಲ್ಲ ಸರಿಯಾದ ಮೇಲೆ 27ರಲ್ಲಿ ಮೆಮೊರಿಗೆ ಹಾಕಿ, ಆಮೇಲೆ 0.600 ಕಡಿಮೆಯ ಪ್ರಸಾರ ಫ್ರೀಕ್ವೆನ್ಸಿ ಒತ್ತಿ ಅದೇ ಮೆಮೊರಿ ಸಂಖ್ಯೆಗೆ ಇನ್ನೊಮ್ಮೆ ಹಾಕಿ. ಮೊದಲೇ ಉಳಿಸಿದರೆ ಆಮೇಲೆ ಸೇರಿಸಿದ ಟೋನ್ ಅದರಲ್ಲಿ ಇರುವುದಿಲ್ಲ. ರಿಪೀಟರ್ ಇಲ್ಲದ ನೇರ ಸಂಪರ್ಕಕ್ಕಾದರೆ 25 ಆಫ್. ನಮ್ಮ ಬ್ಯಾಂಡು 144ರಿಂದ 146 ಮೆಗಾಹರ್ಟ್ಸ್. ಈ ಸೆಟ್ಟು 136ರಿಂದ 174ರವರೆಗೂ ಪ್ರಸಾರ ಮಾಡಬಲ್ಲದು, ತಾನಾಗಿ ತಡೆಯುವುದಿಲ್ಲ. ಅಂಕಿ ತಪ್ಪಿದರೆ ಹೊಣೆ ನಿಮ್ಮದೇ.

ಕರೆಯುವ ಮುನ್ನ ಐದು ನಿಮಿಷ ಕೇಳಿ. ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿ ಒಂದು ಸೆಕೆಂಡ್ ಬಿಟ್ಟು ಮಾತಾಡಿ, ಇಲ್ಲದಿದ್ದರೆ ಕಾಲ್‌ಸೈನಿನ ವಿ, ಯು ಅಕ್ಷರಗಳನ್ನು ಹೇಳುವ 'ವಿಕ್ಟರ್ ಯೂನಿಫಾರ್ಮ್' ನುಂಗಿಹೋಗಿ 'ತ್ರೀ' ಅಷ್ಟೇ ಕೇಳುತ್ತದೆ. ರಿಪೀಟರಿನಲ್ಲಿ ಸಿಕ್ಯೂ (ಯಾರಾದರೂ ಉತ್ತರಿಸಿ ಎಂಬ ಕರೆ) ಕೂಗುವ ಅಗತ್ಯವಿಲ್ಲ, ಕಾಲ್‌ಸೈನ್ ಮತ್ತು 'ಮಾನಿಟರಿಂಗ್' (ಕೇಳುತ್ತಿದ್ದೇನೆ) ಸಾಕು. ಜೊತೆಗೆ ಬರುವ ಇಯರ್‌ಫೋನ್ ಬಳಸುವುದಾದರೆ ಪ್ಲಗ್ಗನ್ನು ಪೂರ್ತಿ ಒಳಗೆ ಒತ್ತಿ. ಅರ್ಧ ಕೂತರೆ ಕ್ಯಾರಿಯರ್ (ದನಿಯಿಲ್ಲದ ಬರಿ ಸಿಗ್ನಲ್) ಹೋಗುತ್ತದೆ, ದನಿ ಹೋಗುವುದಿಲ್ಲ.