ಆರು ವರ್ಷ ಅವ್ವನ ಬಿಪಿ ಕಾರ್ಡ್ ಹಿಡಿದು ಓಡಾಡಿದ ಮೇಲೆ: ನಮ್ಮೂರ ಸರ್ಕಾರಿ ದವಾಖಾನೆ ಹೇಗಿದೆ?

ಒಂದು ದಿನ ಹೋಗಿ, ಪಾಳಿ ನೋಡಿ ಸಿಟ್ಟಾಗಿ ಬರೆದದ್ದಲ್ಲ ಇದು. ಅವ್ವನಿಗೆ ಬಿಪಿ, ಶುಗರ್ ಎರಡೂ ಇವೆ ಅಂತ ಗೊತ್ತಾದದ್ದು 2019ರಲ್ಲಿ. ಆಗಿನಿಂದ ಆಳಂದ ಕಡೆಯ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಬರುತ್ತಿದ್ದೇನೆ. ನಡುವೆ ಕಲಬುರಗಿಯ ಖಾಸಗಿ ಡಾಕ್ಟರರಿಗೂ ತೋರಿಸಿದ್ದೇವೆ. ಊರಿನ ಹೆಸರು, ದವಾಖಾನೆಯ ಹೆಸರು ಬರೆಯುವುದಿಲ್ಲ. ಮುಂದಿನ ತಿಂಗಳು ಮತ್ತೆ ಅಲ್ಲೇ ಹೋಗಿ ಕೂರಬೇಕಲ್ವಾ!

ಮೊದಲ ವರ್ಷ ಅನುಭವ ಕೆಟ್ಟದಾಗಿತ್ತು. ಹತ್ತು ದಿನಕ್ಕೆ ಆಗುವಷ್ಟು ಗುಳಿಗೆ ಕೊಡುತ್ತಿದ್ದರು. ಹನ್ನೊಂದನೇ ದಿನ ಮತ್ತೆ ಬರಬೇಕು. ಅವತ್ತು ಡಾಕ್ಟರು ತಾಲೂಕಿನ ಮೀಟಿಂಗಿಗೆ ಹೋಗಿದ್ದರೆ ಗುಳಿಗೆಯೂ ಇಲ್ಲ. ಅವರದ್ದೇ ತಪ್ಪು ಅನ್ನಲೂ ಆಗದು. ಸರ್ಕಾರದ ಲೆಕ್ಕದಲ್ಲಿ 30,000 ಜನಕ್ಕೆ ಇಂಥ ಒಂದು ಕೇಂದ್ರ. ನಮ್ಮಲ್ಲಿರುವುದು ಒಬ್ಬರೇ ಡಾಕ್ಟರು. ಹೊರರೋಗಿಗಳು, ಹೆರಿಗೆ, ಲಸಿಕೆ, ಶಿಬಿರ, ವರದಿ ಎಲ್ಲ ಅವರ ತಲೆ ಮೇಲೆ. ಆದರೆ ತೊಗರಿ ಕಟಾವಿನ ಕಾಲದಲ್ಲಿ ಹತ್ತು ದಿನಕ್ಕೊಮ್ಮೆ ಅರ್ಧ ದಿನ ಕಳೆದುಕೊಳ್ಳಲು ಯಾರಿಗೆ ಆಗುತ್ತದೆ? ಅವ್ವ ತಾನೇ ಒಂದು ಉಪಾಯ ಮಾಡಿಕೊಂಡಳು. ದಿನಾ ನುಂಗುವ ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗಿದಳು. ನನಗೆ ಗೊತ್ತಾಗುವ ಹೊತ್ತಿಗೆ ಮೂರು ತಿಂಗಳಾಗಿತ್ತು.

ಸಿಟ್ಟು ಬಂದು ಕಲಬುರಗಿಗೆ ಕರೆದೊಯ್ದೆ. ದೊಡ್ಡ ಡಾಕ್ಟರು, ತಣ್ಣನೆಯ ಕೋಣೆ, ಒಳ್ಳೆಯ ಮಾತು. ಶುಗರ್‌ಗೆ ಒಬ್ಬರು. ತಲೆ ಸುತ್ತು ಅಂದಾಗ ಇನ್ನೊಬ್ಬರು. ಇಬ್ಬರೂ ಜಾಣರೇ. ಆದರೆ ಒಬ್ಬರು ಬರೆದ ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳಲಿಲ್ಲ. ಅವ್ವನ ಇಡೀ ಚರಿತ್ರೆ ಇದ್ದದ್ದು ಸೀರೆ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲದಲ್ಲಿ. ಕೆಲವು ತಿಂಗಳಲ್ಲಿ ಅವಳ ಪಾದ ಬಾತವು. ಅದಕ್ಕೂ ಒಂದು ಗುಳಿಗೆ ಬಂತು, ಮೂತ್ರ ಜಾಸ್ತಿ ಹೋಗುವಂಥದ್ದು. ರಾತ್ರಿ ನಾಲ್ಕು ಸಲ ಏಳುವುದು ಶುರುವಾಯಿತು.

ಆಮೇಲೆ ಕೊರೊನಾ. ದೇಶದ ಮೊದಲ ಕೊರೊನಾ ಸಾವು ಆದದ್ದು ನಮ್ಮ ಕಲಬುರಗಿಯಲ್ಲೇ, 2020ರ ಮಾರ್ಚ್‌ನಲ್ಲಿ. ಬಸ್ ನಿಂತವು. ಗುಳಿಗೆ ಮುಗಿಯುತ್ತಾ ಬಂದವು. ಬೇರೆ ದಾರಿ ಇಲ್ಲದೆ ಆ ಚೀಲವನ್ನೇ ಎತ್ತಿಕೊಂಡು ಮತ್ತೆ ನಮ್ಮ ಕೇಂದ್ರಕ್ಕೆ ಹೋದೆವು. ಹೊಸ ಸಿಸ್ಟರ್ ಒಬ್ಬರು ಬಂದಿದ್ದರು. ಅವರು ಚೀಟಿ ಕೇಳಲಿಲ್ಲ. ಚೀಲವನ್ನು ಟೇಬಲ್ ಮೇಲೆ ಸುರಿದರು. ಒಂದೊಂದೇ ಪಟ್ಟಿ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದಿ, ಒಂದು ಕಡೆಗೆ ಸಾಲಾಗಿ ಇಟ್ಟರು. ಎರಡು ಪಟ್ಟಿಗಳನ್ನು ಎತ್ತಿ ಪಕ್ಕಪಕ್ಕ ಹಿಡಿದರು.

“ಹೆಸರು ಬ್ಯಾರೆ ಬ್ಯಾರೆ ಅವ. ಒಳಗಿಂದು ಒಂದೇ ಅದ ನೋಡ್ರಿ ಅಣ್ಣಾ. ಅವ್ವ ದಿನಾ ಎರಡು ಸಲ ಅದನ್ನೇ ನುಂಗ್ಲಾಕತ್ತಾರ.”

ಒಂದು ಪಟ್ಟಿಯಲ್ಲಿ ಆಮ್ಲೋಡಿಪಿನ್ ಅನ್ನುವ ಬಿಪಿ ಔಷಧ ಒಂದೇ ಇತ್ತು. ಇನ್ನೊಂದರಲ್ಲಿ ಟೆಲ್ಮಿಸಾರ್ಟನ್ ಅನ್ನುವ ಬೇರೊಂದು ಬಿಪಿ ಔಷಧದ ಜೊತೆ ಅದೇ ಆಮ್ಲೋಡಿಪಿನ್ ಸೇರಿತ್ತು. ಆ ಗುಳಿಗೆ ಜಾಸ್ತಿಯಾದರೆ ಪಾದ ಬಾಯುವುದು ಸಾಮಾನ್ಯವಂತೆ. ಡಾಕ್ಟರನ್ನು ಕರೆದು ತೋರಿಸಿದರು. ಅವರು ಒಂಟಿ ಆಮ್ಲೋಡಿಪಿನ್ ಬಿಡಿಸಿದರು, ಬಾವಿನ ಗುಳಿಗೆಯನ್ನೂ ಬಿಡಿಸಿದರು. ಎರಡು ವಾರದಲ್ಲಿ ಅವ್ವನ ಬೆಳ್ಳಿ ಕಾಲುಂಗುರ ಮತ್ತೆ ಸಡಿಲಾದವು. ನಗರದ ಡಾಕ್ಟರರಿಗೆ ಇದು ತಿಳಿಯದ ವಿಷಯವಲ್ಲ. ಆದರೆ ಇಡೀ ಚೀಲ ನೋಡುವುದು ಅಲ್ಲಿ ಯಾರ ಕೆಲಸವೂ ಆಗಿರಲಿಲ್ಲ. ನಾನಾದರೂ ಸುರಿದು ತೋರಿಸಬೇಕಿತ್ತು. ಹೊಳೆಯಲಿಲ್ಲ.

ನಿಜವಾದ ಬದಲಾವಣೆ ಬಂದದ್ದು 2021ರಲ್ಲಿ. ಹೊಸ ಕಟ್ಟಡ ಬರಲಿಲ್ಲ, ಹೊಸ ಯಂತ್ರವೂ ಬರಲಿಲ್ಲ. ಬಂದದ್ದು ಒಂದು ಡಬ್ಬಿ. ಬಿಪಿ, ಶುಗರ್ ಇರುವ ಪ್ರತಿಯೊಬ್ಬರಿಗೂ ಒಂದು ದಪ್ಪ ಕಾರ್ಡ್. ನೀವು ಬಂದು ಹೋದರೆ ನಿಮ್ಮ ಕಾರ್ಡ್ ಮುಂದಿನ ತಿಂಗಳ ಖಾನೆಗೆ ಹೋಗುತ್ತದೆ. ಬರದಿದ್ದರೆ ಈ ತಿಂಗಳ ಖಾನೆಯಲ್ಲೇ ಉಳಿಯುತ್ತದೆ. ಅಷ್ಟೇ! ತಿಂಗಳ ಕೊನೆಗೆ ಉಳಿದವರ ಹೆಸರು ಬರೆದು ಆಶಾ ಅಕ್ಕನ ಕೈಗೆ ಕೊಡುತ್ತಿದ್ದರು. ಸಾವಿರ ಜನಕ್ಕೆ ಒಬ್ಬ ಆಶಾ ಅನ್ನುವುದು ನಿಯಮ, ಹಾಗಾಗಿ ಅವರಿಗೆ ಮನೆ ಮನೆ ಗೊತ್ತು. ಒಮ್ಮೆ ಮದುವೆಗೆ ಹೋಗಿ ದಿನ ತಪ್ಪಿಸಿದ್ದೆವು. ಆಶಾ ಅಕ್ಕ ಕಟ್ಟೆಗೆ ಬಂದು ನಿಂತರು. “ಯಾಕ ಬಂದಿಲ್ಲಬೇ ಯವ್ವಾ? ನಿನ್ನ ಕಾರ್ಡ್ ಹಂಗೇ ಕುಂತದಂತ ಡಬ್ಬಿನಾಗ.” ಅವ್ವನಿಗೆ ಎಷ್ಟು ನಾಚಿಕೆ ಆಯಿತೆಂದರೆ ಮರುದಿನ ಬೆಳಿಗ್ಗೆ ಎಂಟಕ್ಕೇ ಹೊರಟು ನಿಂತಳು.

ಗುಳಿಗೆಯನ್ನೂ ಮೂವತ್ತು ದಿನಕ್ಕೆ ಕೊಡತೊಡಗಿದರು. ಯಾವ ಗುಳಿಗೆ ಮೊದಲು, ಬಿಪಿ ಇಳಿಯದಿದ್ದರೆ ಯಾವುದು ಸೇರಿಸಬೇಕು ಅಂತ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಡಾಕ್ಟರು ಇಲ್ಲದ ದಿನವೂ ಸಿಸ್ಟರ್ ಬಿಪಿ ನೋಡಿ ಹಳೆಯ ಗುಳಿಗೆಯನ್ನೇ ಕೊಟ್ಟು ಕಳಿಸುತ್ತಿದ್ದರು. ಆಮೇಲೆ ತಿಳಿಯಿತು, ಇದು ನಮ್ಮ ಸಿಸ್ಟರ್ ಒಬ್ಬರ ತಲೆಯಿಂದ ಬಂದದ್ದಲ್ಲ. 2017ರಲ್ಲಿ ಶುರುವಾದ ದೇಶದ ಬಿಪಿ ನಿಯಂತ್ರಣ ಕಾರ್ಯಕ್ರಮದ ಪದ್ಧತಿಯೇ ಹೀಗಂತೆ. ಆ ಎರಡು ವರ್ಷ ಅವ್ವನ ಬಿಪಿ ಹೆಚ್ಚುಕಡಿಮೆ 140ರ ಒಳಗೇ ಇತ್ತು.

2023ರಲ್ಲಿ ಆ ಸಿಸ್ಟರ್‌ಗೆ ವರ್ಗಾವಣೆ ಆಯಿತು. ಡಬ್ಬಿ ಟೇಬಲ್ ಕೆಳಗೆ ಸೇರಿತು. ಅದರ ಮೇಲೆ ಸಲೈನ್ ಬಾಟಲಿಯ ರಟ್ಟಿನ ಪೆಟ್ಟಿಗೆ ಕೂತಿದ್ದನ್ನು ನಾನೇ ನೋಡಿದೆ. ಎಲ್ಲ ಈಗ ಆನ್‌ಲೈನ್ ಅಂದರು. ಸರಿ, ಆದರೆ ಓಟಿಪಿ ಹೋಗುವುದು ಪುಣೆಯಲ್ಲಿರುವ ತಮ್ಮನ ಫೋನಿಗೆ. ಅವನು ಡ್ಯೂಟಿಯಲ್ಲಿದ್ದರೆ ನಾವು ಬಾಗಿಲಲ್ಲಿ. ಆ ಸಲ ಅವ್ವ ಎರಡು ತಿಂಗಳು ತಪ್ಪಿಸಿದಳು. ಯಾರೂ ಬರಲಿಲ್ಲ, ಯಾರೂ ಕೇಳಲಿಲ್ಲ. ಬಿಪಿ 172/100. ಅದೇ ಕಟ್ಟಡ, ಅದೇ ಡಾಕ್ಟರು, ಅದೇ ಗುಳಿಗೆ. ಗೋಡೆಯ ಹಾಳೆ ಕೂಡ ಹಾಗೇ ಇತ್ತು. ಒಬ್ಬರು ಹೋದರೆ ಕುಸಿಯುವ ವ್ಯವಸ್ಥೆಗೆ ನಾನು ಒಂದು ಅಂಕ ಪೂರ್ತಿ ಕಡಿಯುತ್ತೇನೆ.

ಈಗ ಅರ್ಧ ಸುಧಾರಿಸಿದೆ. ಉಪಕೇಂದ್ರಕ್ಕೆ ಸಮುದಾಯ ಆರೋಗ್ಯ ಅಧಿಕಾರಿ ಬಂದಿದ್ದಾರೆ. ಬೋರ್ಡಿನಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬರೆದಿದೆ, ಊರಲ್ಲಿ ಎಲ್ಲರೂ ಅನ್ನುವುದು ಸಣ್ಣ ದವಾಖಾನಿ. ನಡೆದು ಹತ್ತು ನಿಮಿಷ. ಪ್ರತಿ ತಿಂಗಳ ಗುಳಿಗೆ ಅಲ್ಲೇ, ಮೂರು ತಿಂಗಳಿಗೊಮ್ಮೆ ಮಾತ್ರ ಡಾಕ್ಟರು. ಮುಖ್ಯವಾಗಿ, ಹೋದ ಸಲ ಅವ್ವ ಹೇಳಿದ್ದು ಈ ಸಲ ಆ ಅಧಿಕಾರಿಗೆ ನೆನಪಿರುತ್ತದೆ. ಪ್ರತಿ ಸಲ ಅದೇ ಡಾಕ್ಟರ ಹತ್ತಿರ ಹೋದರೆ ಏನಾಗುತ್ತದೆ ಅಂತ ನೋಡಿದ 22 ಅಧ್ಯಯನಗಳ ಪರಿಶೀಲನೆಯೊಂದು 2018ರಲ್ಲಿ ಬಿಎಂಜೆ ಓಪನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಅದರಲ್ಲಿ 18 ಅಧ್ಯಯನಗಳು ಅಂಥ ರೋಗಿಗಳಲ್ಲಿ ಸಾವು ಕಡಿಮೆ ಅಂದಿದ್ದವು. ಬೇರೆ ದೇಶಗಳ ಮಾತು ಅದು, ನಮ್ಮ ಸಣ್ಣ ದವಾಖಾನೆಯದ್ದಲ್ಲ. ಆದರೂ ಓದಿದಾಗ ಆ ಸಿಸ್ಟರ್ ಚೀಲ ಸುರಿದದ್ದೇ ಕಣ್ಣ ಮುಂದೆ ಬಂತು.

ಕೊರತೆ ಇನ್ನೂ ಇವೆ. ಶುಗರ್ ಗುಳಿಗೆ ವರ್ಷಕ್ಕೆ ಒಂದೆರಡು ಸಲ ಖಾಲಿ. ಬೆರಳು ಚುಚ್ಚಿ ನೋಡುತ್ತಾರೆ, ಮೂರು ತಿಂಗಳ ಸರಾಸರಿ ಶುಗರ್ ತಿಳಿಯುವ ಪರೀಕ್ಷೆಗೆ ಹೊರಗೇ ಹೋಗಬೇಕು. ಬೇಸಿಗೆಯಲ್ಲಿ ಕುಡಿಯುವ ನೀರು ನೀವೇ ಒಯ್ಯಿರಿ. ಶೌಚಾಲಯದ ಬಗ್ಗೆ ಬರೆಯದಿರುವುದೇ ಒಳ್ಳೆಯದು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಡಬ್ಬಿ ಇದ್ದಾಗ ಕೇಳಿದ್ದರೆ ನಾಲ್ಕೂವರೆ ಅನ್ನುತ್ತಿದ್ದೆ. ಹೋಗುವವರು ಹಳೆಯ ಗುಳಿಗೆಗಳ ಖಾಲಿ ಪಟ್ಟಿಗಳನ್ನೂ ಒಯ್ಯಿರಿ. ಓಟಿಪಿಗೆ ಊರಲ್ಲೇ ಇರುವವರ ನಂಬರ್ ಕೊಡಿ. ಸೋಮವಾರ ತಪ್ಪಿಸಿ, ಗದ್ದಲ ಜಾಸ್ತಿ.

ಕಳೆದ ಎಳ್ಳ ಅಮಾವಾಸ್ಯೆಗೆ ಅವ್ವನ ಗುಳಿಗೆ ದಿನ ಸರಿಯಾಗಿ ಹಬ್ಬದ ದಿನವೇ ಬರುತ್ತಿತ್ತು. ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ, ಯಾರು ದವಾಖಾನೆಗೆ ಹೋಗುತ್ತಾರೆ? ಸಣ್ಣ ದವಾಖಾನೆಯ ಮೇಡಂ ಒಂದು ತಿಂಗಳು ಮೊದಲೇ ಕ್ಯಾಲೆಂಡರ್ ನೋಡಿ ಎರಡು ದಿನ ಹಿಂದಿನ ತಾರೀಖು ಬರೆದಿದ್ದರು. ಜೊತೆಗೆ ಒಂದು ಮಾತು: “ಬಜ್ಜಿ, ಸಜ್ಜಿ ರೊಟ್ಟಿ ಉಣ್ರಿ ಯವ್ವಾ. ಉಪ್ಪಿನಕಾಯಿ ಮಾತ್ರ ಮುಟ್ಟಬ್ಯಾಡ್ರಿ.” ಅವ್ವ ಹೂಂ ಅಂದಳು. ಹೊಲದಲ್ಲಿ ನನ್ನ ತಟ್ಟೆಯಿಂದ ಎತ್ತಿಕೊಂಡಳು.