ಸಣ್ಣ ದನಿಗೆ ಬಾಯಿ ಬಿಡದ ಎಡ ಸ್ಪೀಕರ್: ಹಳೆಯ ಆಂಪ್ ಬದಲಿಸಬೇಕೇ?

ವಾಲ್ಯೂಮ್ ಕಡಿಮೆ ಇಟ್ಟು ಹಾಡು ಹಾಕಿದರೆ ಎಡಗಡೆಯ ಸ್ಪೀಕರ್ ಬಾಯಿ ಬಿಡುವುದಿಲ್ಲ. ನಾಬ್ ಸ್ವಲ್ಪ ತಿರುಗಿಸಿದರೆ ಚಟ್ಟೆಂದು ಒಂದು ಸದ್ದಾಗಿ ಎಡಗಡೆಗೆ ಜೀವ ಬರುತ್ತದೆ. ಮತ್ತೆ ಇಳಿಸಿ ಸ್ವಲ್ಪ ಹೊತ್ತು ಬಿಟ್ಟರೆ ಅದೇ ಕಥೆ. ಚಾನೆಲ್‌ಗೆ 60 ವ್ಯಾಟ್ ಕೊಡುವ, ಬಹಳ ವರ್ಷಗಳಿಂದ ದಿನಾ ದುಡಿಯುತ್ತಿರುವ ಈ ಸ್ಟೀರಿಯೋ ಆಂಪ್ಲಿಫೈಯರ್ ಮೇಲೆ ಹೇಳಿಕೊಳ್ಳುವಂಥ ದೂರು ಇದೊಂದೇ. ಆದರೆ ಹೊಸದು ತಂದುಬಿಡೋಣ ಅನ್ನಿಸುವುದಕ್ಕೆ ಇದೊಂದೇ ಸಾಕು. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೆಲ್ಲಗೆ ಕೇಳುವವರಿಗೆ, ಜೋರಾಗಿ ಹಾಕಿದರೆ ಮಾತ್ರ ಸರಿಯಾಗುವ ದೋಷಕ್ಕಿಂತ ಕಿರಿಕಿರಿ ಇನ್ನೊಂದಿಲ್ಲ.

ಕೊಳ್ಳುವ ಮೊದಲು ದೋಷ ಎಲ್ಲಿದೆ ಎಂದು ಖಚಿತ ಮಾಡಿಕೊಳ್ಳಬೇಕು. ಅದಕ್ಕೆ ಯಾವ ಉಪಕರಣವೂ ಬೇಡ. ಆಂಪ್ ಆಫ್ ಮಾಡಿ, ಹಿಂಬದಿಯಲ್ಲಿ ಎಡ, ಬಲ ಸ್ಪೀಕರ್ ವೈರುಗಳನ್ನು ಅದಲುಬದಲು ಮಾಡಿ. ಆಮೇಲೂ ಅದೇ ಎಡಗಡೆಯ ಪೆಟ್ಟಿಗೆಯೇ ಸುಮ್ಮನಾದರೆ ತಪ್ಪು ಸ್ಪೀಕರಿನದು ಅಥವಾ ಅದರ ವೈರಿನದು. ದೋಷ ಬಲಗಡೆಗೆ ಹೋಯಿತೆಂದರೆ ಆಂಪ್‌ನದು, ಇಲ್ಲವೇ ಅದಕ್ಕಿಂತ ಹಿಂದಿನದು. ಆಗ ಸ್ಪೀಕರ್ ವೈರುಗಳನ್ನು ಹಾಗೇ ಬಿಟ್ಟು, ಪ್ಲೇಯರ್‌ನಿಂದ ಬರುವ ಕೆಂಪು, ಬಿಳಿ ಪಿನ್ನುಗಳನ್ನು ಅದಲುಬದಲು ಮಾಡಿ. ದೋಷ ಮತ್ತೆ ಜಾಗ ಬದಲಿಸಿದರೆ ಪ್ಲೇಯರ್ ಅಥವಾ ಅದರ ಕೇಬಲ್, ಕದಲದಿದ್ದರೆ ಆಂಪ್. ಇಷ್ಟಾದ ಮೇಲೆ ಟೇಪ್ ಮಾನಿಟರ್, ಡೈರೆಕ್ಟ್, ಸ್ಪೀಕರ್ ಎ/ಬಿ ಗುಂಡಿಗಳನ್ನು ಒಂದೊಂದಾಗಿ ಹತ್ತಾರು ಸಲ ಒತ್ತಿ ನೋಡಿ. ಯಾವುದನ್ನಾದರೂ ಒತ್ತಿದಾಗ ಸದ್ದು ಹೋಗಿ ಬಂದರೆ ಆ ಸ್ವಿಚ್ಚೇ ಅಪರಾಧಿ. ಯಾವುದಕ್ಕೂ ಬಗ್ಗದೆ ವಾಲ್ಯೂಮ್ ಏರಿಸಿದಾಗ ಮಾತ್ರ ಸರಿಹೋಗುತ್ತದೆ ಎಂದರೆ ಬಹುತೇಕ ಅದು ಸ್ಪೀಕರ್ ರಿಲೇ.

ಆಂಪ್ ಆನ್ ಮಾಡಿದ ಮೂರರಿಂದ ಐದು ಸೆಕೆಂಡಿಗೆ ಒಳಗಿಂದ ಟಿಕ್ ಎಂದು ಕೇಳುತ್ತದಲ್ಲ, ಅದೇ ಈ ರಿಲೇ. ಸರ್ಕ್ಯೂಟ್ ಸ್ಥಿರವಾಗುವ ತನಕ ಸ್ಪೀಕರನ್ನು ದೂರ ಇಡುವುದು, ಔಟ್‌ಪುಟ್‌ಗೆ ಡಿಸಿ (ಸ್ಪೀಕರನ್ನು ಸುಡಬಲ್ಲ ಒಂದೇ ದಿಕ್ಕಿನ ವಿದ್ಯುತ್) ಬಂದರೆ ಕಡಿದು ಹಾಕುವುದು ಅದರ ಕೆಲಸ. ಅದರೊಳಗಿನ ಬೆಳ್ಳಿ ಮಿಶ್ರಲೋಹದ ಸಂಪರ್ಕಗಳ ಮೇಲೆ ವರ್ಷಗಳು ಕಳೆದಂತೆ ಕಪ್ಪು ಪದರ ಕಟ್ಟುತ್ತದೆ. ಜೋರಾಗಿ ಕೇಳುವಾಗ ಬರುವ ಹಲವು ವೋಲ್ಟ್‌ಗಳು ಆ ಪದರವನ್ನು ಭೇದಿಸಿಕೊಂಡು ಹೋಗುತ್ತವೆ; ಮೆಲ್ಲಗೆ ಕೇಳುವಾಗಿನ ಕೆಲವು ಮಿಲಿವೋಲ್ಟ್‌ಗಳಿಗೆ ಆ ಶಕ್ತಿಯಿಲ್ಲ. ಹಾಗಾಗಿ ಸದಾ ಮೆಲ್ಲಗೆ ಕೇಳುವ ಮನೆಗಳಲ್ಲೇ ಈ ಕಾಯಿಲೆ ಹೆಚ್ಚು. ಟ್ರಾನ್ಸಿಸ್ಟರ್, ಟ್ರಾನ್ಸ್‌ಫಾರ್ಮರ್ ಎಲ್ಲ ಗಟ್ಟಿಯಾಗಿದ್ದೂ, ಒಂದು ಅಗ್ಗದ ಬಿಡಿಭಾಗವಾದ ರಿಲೇಯಿಂದಾಗಿ ಎಷ್ಟೋ ಒಳ್ಳೆಯ ಆಂಪ್‌ಗಳು ಗುಜರಿಗೆ ಹೋಗುತ್ತವೆ. ಇದು ನಿಜಕ್ಕೂ ಬೇಸರದ ಸಂಗತಿ.

ಮುಚ್ಚಳ ತೆಗೆಯುವ ಮುನ್ನ ಪ್ಲಗ್ ಕಿತ್ತಿರಬೇಕು. ಕಿತ್ತ ಮಾತ್ರಕ್ಕೆ ಅಪಾಯ ಮುಗಿಯಲಿಲ್ಲ. 10,000 ಮೈಕ್ರೋಫ್ಯಾರಡ್‌ನ ಎರಡು ದೊಡ್ಡ ಕೆಪಾಸಿಟರ್‌ಗಳು ಚಾರ್ಜ್ ಹಿಡಿದುಕೊಂಡಿರುತ್ತವೆ. 1 ಕಿಲೋಓಮ್, 5 ವ್ಯಾಟ್‌ನ ರೆಸಿಸ್ಟರಿಗೆ ಇನ್ಸುಲೇಶನ್ ಇರುವ ವೈರು ಬೆಸೆದುಕೊಂಡು ಪ್ರತಿ ಕೆಪಾಸಿಟರಿನ ಎರಡು ತುದಿಗೂ ಒಂದೊಂದು ನಿಮಿಷ ಹಿಡಿಯಿರಿ, ಆಮೇಲೆ ಮಲ್ಟಿಮೀಟರಿನಲ್ಲಿ ಅಳೆದು ಒಂದು ವೋಲ್ಟಿಗಿಂತ ಕೆಳಗಿದೆ ಎಂದು ನೋಡಿಕೊಂಡೇ ಕೈ ಹಾಕಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಅಭ್ಯಾಸ ಬೇಡ. ಕಿಡಿ ಹಾರುತ್ತದೆ, ಬೋರ್ಡಿನ ತಾಮ್ರದ ಗೆರೆಯೂ ಸುಡಬಹುದು.

ರಿಲೇಯ ಪ್ಲಾಸ್ಟಿಕ್ ಟೊಪ್ಪಿ ತೆಗೆಯಲು ಬಂದರೆ, ಬಿಳಿ ಕಾಗದದ ಸಣ್ಣ ಪಟ್ಟಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಸಂಪರ್ಕಗಳ ನಡುವೆ ತೂರಿಸಿ, ಮೇಲಿಂದ ಮೆಲ್ಲಗೆ ಒತ್ತಿ ಹಿಡಿದು ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಮೂಡುವುದು ನಿಲ್ಲುವವರೆಗೆ ಹೊಸ ಪಟ್ಟಿ ತೆಗೆದುಕೊಂಡು ಅದನ್ನೇ ಮಾಡಿ. ಉಪ್ಪುಕಾಗದ ಮುಟ್ಟಿಸಬೇಡಿ, ಮೇಲಿನ ಲೇಪ ಕಿತ್ತುಹೋಗಿ ಸಮಸ್ಯೆ ಇನ್ನೂ ಬೇಗ ಮರಳುತ್ತದೆ. ಹೀಗೆ ಒರೆಸುವುದು ತಾತ್ಕಾಲಿಕ ಉಪಾಯ ಅಷ್ಟೆ, ಸರಿಯಾದ ದಾರಿ ರಿಲೇ ಬದಲಿಸುವುದೇ. ಹೊಸದರಲ್ಲಿ ನಾಲ್ಕು ವಿಷಯ ಹೊಂದಬೇಕು: ಕಾಯಿಲ್ ವೋಲ್ಟೇಜ್ (24 ವೋಲ್ಟ್ ಸಾಮಾನ್ಯ, ಆದರೆ 12, 48 ಕೂಡ ಇವೆ), ಕಾಯಿಲ್‌ನ ಓಮ್, ಸಂಪರ್ಕಗಳ ಆಂಪಿಯರ್ ಸಾಮರ್ಥ್ಯ, ಕಾಲುಗಳ ಜೋಡಣೆ. ಗಾಳಿ ಆಡದಂತೆ ಮುಚ್ಚಿದ ಮಾದರಿ ಸಿಕ್ಕರೆ ಅದನ್ನೇ ಹಾಕಿ. ಬೋರ್ಡ್ ಹೇಗೂ ಹೊರಗೆ ಬಂದಿರುತ್ತದೆ. ಸ್ಪೀಕರ್ ಟರ್ಮಿನಲ್‌ಗಳ, ದೊಡ್ಡ ರೆಸಿಸ್ಟರ್‌ಗಳ ಕಾಲಿನ ಸುತ್ತ ಉಂಗುರದಂತೆ ಬಿರುಕು ಬಿಟ್ಟ ಬೆಸುಗೆ ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ, ಇದ್ದರೆ ಮತ್ತೆ ಬೆಸೆಯಿರಿ. ಬಿಸಿಯಾಗುವ, ಭಾರವಿರುವ ಭಾಗಗಳಲ್ಲೇ ಇವು ಬಿಡುವುದು.

ರಿಪೇರಿಯಾದ ಮೇಲೆ ನೇರವಾಗಿ ಸ್ಪೀಕರ್ ಜೋಡಿಸಬೇಡಿ. 60ರಿಂದ 100 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬನ್ನು ಮೇನ್ಸ್‌ಗೆ ಸೀರೀಸ್‌ನಲ್ಲಿ (ವಿದ್ಯುತ್ ಬಲ್ಬಿನ ಮೂಲಕವೇ ಆಂಪ್‌ಗೆ ಹೋಗುವಂತೆ) ಹಾಕಿ ಆನ್ ಮಾಡಿ. ಬಲ್ಬು ಒಮ್ಮೆ ಹೊಳೆದು ಮಂಕಾದರೆ ಕ್ಷೇಮ, ಹೊಳೆಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಆಮೇಲೆ ಬಲ್ಬು ತೆಗೆದು, ಹತ್ತು ನಿಮಿಷ ಬಿಸಿಯಾಗಲು ಬಿಟ್ಟು, ವಾಲ್ಯೂಮ್ ಸೊನ್ನೆಯಲ್ಲಿಟ್ಟು ಸ್ಪೀಕರ್ ಟರ್ಮಿನಲ್‌ಗಳಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. 100 ದಾಟಿದರೆ ಕಾರಣ ಹುಡುಕಬೇಕು.

ಇಷ್ಟು ಮಾಡಿದ ಮೇಲೆ ಈ ಆಂಪ್ ಕೊಡುವ ಸುಖವೇ ಬೇರೆ. ಸ್ವಿಚ್ ಒತ್ತಿ, ಟಿಕ್ ಎನ್ನುವವರೆಗೆ ಕಾಯುವ ಆ ನಾಲ್ಕು ಸೆಕೆಂಡ್. ಆಕರ ಆರಿಸುವ ನಾಬ್ ಪ್ರತಿ ಹೆಜ್ಜೆಗೂ ಬೆರಳಿಗೆ ಕೊಡುವ ತಡೆ. ಭಾರವಾದ ಲೋಹದ ವಾಲ್ಯೂಮ್ ನಾಬ್ ಎಣ್ಣೆಯಲ್ಲಿ ತಿರುಗಿದಂತೆ ನಯವಾಗಿ ತಿರುಗುವ ರೀತಿ. ಪರದೆ, ಮೆನು, ಆಪ್ ಯಾವುದೂ ಇಲ್ಲ. ಕತ್ತಲಲ್ಲೂ ಕೈಗೆ ಸಿಗುತ್ತದೆ.

ವಾಲ್ಯೂಮ್ ನಾಬಿಗೂ ಒಂದು ಸಣ್ಣ ಉಪಚಾರ ಬೇಕು. ತಿರುಗಿಸುವಾಗ ಕರಕರ ಬಂದರೆ ಒಳಗಿನ ಕಾರ್ಬನ್ ಪಟ್ಟಿಯ ಮೇಲೆ ಕೊಳೆ ಕೂತಿದೆ ಎಂದರ್ಥ. ಪೊಟೆನ್ಷಿಯೋಮೀಟರ್‌ಗೆಂದೇ (ನಾಬಿನ ಹಿಂದಿರುವ, ಈ ಪಟ್ಟಿಯನ್ನು ಹೊತ್ತ ಭಾಗ) ಬರುವ ಕಾಂಟ್ಯಾಕ್ಟ್ ಕ್ಲೀನರನ್ನು ಕಾಲುಗಳ ಬಳಿಯ ಸಂದಿನಲ್ಲಿ ಒಂದೇ ಒಂದು ಚಿಮುಕು ಹಾಕಿ, ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ ಒಣಗಲು ಬಿಡಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇಡವೇ ಬೇಡ, ಅದರ ಜಿಡ್ಡು ಉಳಿದು ಧೂಳು ಹಿಡಿಯುತ್ತದೆ. ಕೆಲವೇ ವಾರಗಳಲ್ಲಿ ಕರಕರ ಮರಳಿದರೆ ದೋಷ ಬಹುಶಃ ಕೊಳೆಯದಲ್ಲ. ಹಿಂದಿನ ಕಪ್ಲಿಂಗ್ ಕೆಪಾಸಿಟರ್ (ಡಿಸಿ ತಡೆದು ದನಿಯನ್ನಷ್ಟೇ ಬಿಡುವ ಭಾಗ) ಸೋರಿ ಪಟ್ಟಿಗೆ ಡಿಸಿ ಬರುತ್ತಿರಬಹುದು.

ಮೆಲ್ಲಗೆ ಕೇಳುವವರಿಗೆ ಇನ್ನೊಂದು ಅಡ್ಡಿ ಉಂಟು. ನಾಬ್ ಗಡಿಯಾರದ ಏಳು, ಎಂಟರ ಸ್ಥಾನದಲ್ಲಿದ್ದಾಗ ಎಡ, ಬಲ ಪಟ್ಟಿಗಳು ಒಂದೇ ಸಮ ಇರುವುದಿಲ್ಲ, ದನಿ ಒಂದು ಪಕ್ಕಕ್ಕೆ ವಾಲುತ್ತದೆ. ತಂಬೂರಿಯ ಶ್ರುತಿಯನ್ನು ಮೋನೋದಲ್ಲಿ ಹಾಕಿದರೆ ಇದು ಸ್ಪಷ್ಟವಾಗಿ ಗೊತ್ತಾಗುತ್ತದೆ: ನಡುವೆ ನಿಲ್ಲಬೇಕಾದ ನಾದ ಬಲಕ್ಕೋ ಎಡಕ್ಕೋ ಸರಿಯುತ್ತದೆ. ಸಿಡಿ ಪ್ಲೇಯರ್‌ಗಳು ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತವೆ, ಆದರೆ ಈ ಬಗೆಯ ಆಂಪ್‌ಗಳಿಗೆ ಪೂರ್ತಿ ಶಕ್ತಿಗೆ 200ರಿಂದ 300 ಮಿಲಿವೋಲ್ಟ್ ಸಾಕು. ಅದಕ್ಕೇ ನಾಬ್ ಕೆಳತುದಿಯಲ್ಲೇ ಸಿಕ್ಕಿಕೊಂಡಿರುತ್ತದೆ. 24 ಬಿಟ್‌ನ ಡಿಎಸಿ (ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಆಗಿಸುವ ಸಾಧನ) ಇದ್ದರೆ ಅದರ ಡಿಜಿಟಲ್ ವಾಲ್ಯೂಮನ್ನು 10 ಡೆಸಿಬೆಲ್ ಇಳಿಸಿ, ಇಲ್ಲವೇ ಕೇಬಲ್ಲಿನ ನಡುವೆ ಸಿಗ್ನಲನ್ನು 10 ಡೆಸಿಬೆಲ್ ತಗ್ಗಿಸುವ ಅಟೆನ್ಯುಯೇಟರ್ ಹಾಕಿ. ಅದೇ ದನಿಗೆ ನಾಬ್ ಹತ್ತರ, ಹನ್ನೊಂದರ ಕಡೆ ಬಂದು ನಿಲ್ಲುತ್ತದೆ, ನಾದ ನಡುವಿಗೆ ಬರುತ್ತದೆ, ಬೆರಳಿಗೆ ಹಿಡಿತವೂ ಸಿಗುತ್ತದೆ. ಹೊಸ ಆಂಪ್‌ನಿಂದ ನಿರೀಕ್ಷಿಸುವ ಬದಲಾವಣೆಯಲ್ಲಿ ಅರ್ಧದಷ್ಟು ಇದೊಂದರಿಂದಲೇ ಬರುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಉಳಿದದ್ದು ಶಕ್ತಿಯ ಪ್ರಶ್ನೆ. 60 ವ್ಯಾಟ್ ಸಾಲದು, 100 ಬೇಕು ಎನ್ನುವವರು ಲೆಕ್ಕ ಹಾಕಿ ನೋಡಲಿ: 60ರಿಂದ 100ಕ್ಕೆ ಹೋದರೆ ಸಿಗುವುದು 2.2 ಡೆಸಿಬೆಲ್. ದನಿ ಎರಡರಷ್ಟು ಎಂದು ಕಿವಿಗೆ ಅನ್ನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಈಗ ಎಷ್ಟು ಬಳಸುತ್ತಿದ್ದೀರಿ ಎಂಬುದನ್ನು ಅಳೆದೇ ತಿಳಿಯಬಹುದು. ಅತಿ ಜೋರು ಎಂದರೆ ಎಷ್ಟು ಕೇಳುತ್ತೀರೋ ಅಷ್ಟಕ್ಕೆ ನಾಬ್ ಇಟ್ಟು, ಅದನ್ನು ಕದಲಿಸದೆ, ಆಂಪ್ ಆಫ್ ಮಾಡಿ ಸ್ಪೀಕರ್ ವೈರು ಬಿಚ್ಚಿ. (ವಾಲ್ವ್ ಆಂಪ್‌ನಲ್ಲಿ ಹೀಗೆ ಮಾಡಲೇಬಾರದು, ಸ್ಪೀಕರ್ ಇಲ್ಲದೆ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಳಾಗಬಹುದು.) ಮತ್ತೆ ಆನ್ ಮಾಡಿ, ಮೈನಸ್ 12 ಡೆಸಿಬೆಲ್ ಮಟ್ಟದ (ರೆಕಾರ್ಡಿಂಗಿನ ಗರಿಷ್ಠ ಮಟ್ಟಕ್ಕಿಂತ 12 ಡೆಸಿಬೆಲ್ ಕೆಳಗಿನ) 120 ಹರ್ಟ್ಸ್ ಸೈನ್ ಟೋನ್ ಹಾಕಿ ಟರ್ಮಿನಲ್‌ಗಳಲ್ಲಿ ಎಸಿ ವೋಲ್ಟ್ ಅಳೆಯಿರಿ. ಸಾಮಾನ್ಯ ಮಲ್ಟಿಮೀಟರ್ ಆ ಆವರ್ತನದಲ್ಲಿ ನಂಬುವಂತೆ ಅಳೆಯುತ್ತದೆ. ಬಂದ ಅಂಕಿಯನ್ನು ನಾಲ್ಕರಿಂದ ಗುಣಿಸಿದರೆ ರೆಕಾರ್ಡಿಂಗ್ ತನ್ನ ಗರಿಷ್ಠ ಮಟ್ಟ ಮುಟ್ಟಿದಾಗ ಬೇಕಾಗುವ ವೋಲ್ಟ್. ಉದಾಹರಣೆಗೆ 2.1 ಬಂದರೆ 8.4 ವೋಲ್ಟ್, ಅದರ ವರ್ಗವನ್ನು 8 ಓಮ್‌ನಿಂದ ಭಾಗಿಸಿದರೆ ಸುಮಾರು 9 ವ್ಯಾಟ್. 60 ವ್ಯಾಟಿನ ಆಂಪ್‌ಗೆ ಅಲ್ಲಿಂದ ಮೇಲೆ ಇನ್ನೂ 8 ಡೆಸಿಬೆಲ್ ಬಾಕಿ ಇದೆ. ಇಷ್ಟು ಬಾಕಿ ಇರುವಾಗ ವ್ಯಾಟಿಗಾಗಿ ಆಂಪ್ ಬದಲಿಸುವುದರಲ್ಲಿ ಅರ್ಥವಿಲ್ಲ.

ಅಂಗಡಿಯಲ್ಲಿ ಹೊಸದು 'ತುಂಬಿ ಬಂದಂತೆ' ಕೇಳಿಸಿತು ಎನ್ನುವವರಿದ್ದಾರೆ. ಒಂದೇ ಒಂದು ಡೆಸಿಬೆಲ್ ಜೋರಾಗಿದ್ದರೂ ಹಾಗೆ ಕೇಳಿಸುತ್ತದೆ. ಎರಡನ್ನೂ ಒಂದೇ ಸ್ಪೀಕರಿಗೆ ಕಟ್ಟಿ, ಅದೇ ಟೋನ್ ಹಾಕಿ, ಒಂದರಲ್ಲಿ 2.00 ವೋಲ್ಟ್ ಬಂದರೆ ಇನ್ನೊಂದರಲ್ಲೂ 2.02ರ ಒಳಗೆ ಹೊಂದಿಸಿ. ಟೋನ್ ಕಂಟ್ರೋಲ್, ಲೌಡ್‌ನೆಸ್ ಎಲ್ಲ ಆಫ್ ಇರಲಿ. ಯಾವುದು ಓಡುತ್ತಿದೆ ಎಂದು ಕೇಳುವವರಿಗೆ ಗೊತ್ತಿರಬಾರದು. ಆಮೇಲೂ ಹೊಸದೇ ಚೆನ್ನ ಎಂದು ಪ್ರತಿ ಸಲ ಗುರುತಿಸಿದರೆ ಧಾರಾಳವಾಗಿ ಕೊಳ್ಳಿ.

ಬದಲಿಸಲೇಬೇಕಾದ ಸಂದರ್ಭಗಳೂ ಇವೆ. ಸ್ಪೀಕರಿನ ಇಂಪೀಡೆನ್ಸ್ (ಆಂಪ್‌ಗೆ ಅದು ಒಡ್ಡುವ ವಿದ್ಯುತ್ ತಡೆ) ಕೆಲವು ಆವರ್ತನಗಳಲ್ಲಿ 3 ಓಮ್‌ಗೆ ಇಳಿಯುತ್ತಿದ್ದು, ಆಂಪ್‌ನ ಹಿಂದೆ ಕನಿಷ್ಠ 8 ಓಮ್ ಎಂದು ಬರೆದಿದ್ದರೆ ಆ ಜೋಡಿ ಬಾಳುವುದಿಲ್ಲ. ಸ್ಪೀಕರಿನ ಸಂವೇದನೆ (ಒಂದು ವ್ಯಾಟಿಗೆ ಅದು ಕೊಡುವ ದನಿ) ಕಡಿಮೆ, 83 ಡೆಸಿಬೆಲ್ ಇದ್ದು ಕೋಣೆ ದೊಡ್ಡದಿದ್ದರೆ ಮೇಲಿನ ಅಳತೆಯೇ ಬೇರೆ ಉತ್ತರ ಕೊಟ್ಟೀತು. ಸಬ್‌ವೂಫರ್ ಔಟ್‌ಪುಟ್, ಟಿವಿಗೆ ಎಚ್‌ಡಿಎಂಐ ದಿನವೂ ಬೇಕಾದವರ ಮಾತೂ ಬೇರೆ. ವಿದ್ಯುತ್ತಿನ ಲೆಕ್ಕವನ್ನೂ ಮರೆಯಬಾರದು: ಕ್ಲಾಸ್ ಎಬಿ (ಹಳೆಯ ಆಂಪ್‌ಗಳಲ್ಲಿ ಸಾಮಾನ್ಯವಾದ ಬಗೆ) ಆಂಪ್ ಸುಮ್ಮನೆ ಆನ್ ಇದ್ದರೂ 40 ವ್ಯಾಟ್ ಎಳೆಯುತ್ತಿದ್ದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಯೂನಿಟ್ ಖರ್ಚಾಗುತ್ತದೆ. ಇಡೀ ದಿನ ಆನ್ ಇಡುವವರಿಗೆ ಕಡಿಮೆ ವಿದ್ಯುತ್ ಎಳೆದು ಕಡಿಮೆ ಬಿಸಿಯಾಗುವ ಕ್ಲಾಸ್ ಡಿ ಆಂಪ್ ಒಳ್ಳೆಯದು, ಮುಚ್ಚಿದ ಕಪಾಟಿನಲ್ಲಿಡುವವರಿಗೂ ಅದೇ ವಾಸಿ.

ಹಾಗೇ, ಎರಡೂ ಸ್ಪೀಕರ್‌ಗಳಲ್ಲಿ ವಾಲ್ಯೂಮ್ ಸೊನ್ನೆಯಲ್ಲಿದ್ದಾಗಲೂ ಗುಂಯ್ ಎಂಬ ಸದ್ದು ಬರತೊಡಗಿದ್ದರೆ, ದೊಡ್ಡ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಅವು ಒಣಗಿವೆ. 10 ಡಿಗ್ರಿ ಬಿಸಿ ಹೆಚ್ಚಾದರೆ ಇವುಗಳ ಆಯಸ್ಸು ಅರ್ಧಕ್ಕಿಳಿಯುತ್ತದೆ, ಹಾಗಾಗಿ ಆಂಪ್‌ನ ಮೇಲೆ ಬೇರೆ ಪೆಟ್ಟಿಗೆ ಪೇರಿಸದೆ 10 ಸೆಂಟಿಮೀಟರ್ ಖಾಲಿ ಬಿಡಿ. ಕೆಪಾಸಿಟರ್ ಬದಲಿಸಬಹುದು. ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟು ಅಸಲಿ ಭಾಗ ಸಿಗದಿದ್ದರೆ ಮಾತ್ರ ಹೊಸದರ ಕಡೆ ನೋಡಿ. ಹೆಸರು ಒಂದೇ ಇದ್ದರೂ ನಕಲಿ ಟ್ರಾನ್ಸಿಸ್ಟರ್ ಹಾಕಿ ಓಡಿಸಿದರೆ ಅದು ಶಾರ್ಟ್ ಆದಾಗ ವೂಫರನ್ನೂ ಜೊತೆಗೆ ಕೊಂಡೊಯ್ಯಬಹುದು.